ಮಿಂಚಿನ ಬಾಳಿಕೆ ಅಂಕ

ಆಟಗಾರನ ಗಾಯಗಳಿಗೆ ಆಟಗಾರನೇ ಹೊಣೆ ಎಂಬುದು ಕ್ಲಬ್ಬಿನ ಆಡಳಿತ ಮಂಡಳಿಯ ನೂರಾ ನಾಲ್ಕನೇ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿದ್ದ ಏಳು ಜನರಲ್ಲಿ ಇಬ್ಬರು ತೂಕಡಿಸುತ್ತಿದ್ದರು. ತೂಕಡಿಸುವವರ ತಲೆ ಮುಂದಕ್ಕೆ ವಾಲಿದರೆ ಅದನ್ನು ಒಪ್ಪಿಗೆಯೆಂದು ಪರಿಗಣಿಸುವ ಪದ್ಧತಿ ಕ್ಲಬ್ಬು ಹುಟ್ಟಿದಾಗಿನಿಂದಲೂ ಇದೆ. ಅದೇ ಸಭೆಯಲ್ಲಿ ‘ಬಾಳಿಕೆ ವಿಭಾಗ’ ಎಂಬ ಹೊಸ ವಿಭಾಗವೂ ಹುಟ್ಟಿತು. ವಿಭಾಗ ಅಂದಮೇಲೆ ಕೋಣೆ ಬೇಕಲ್ಲ. ಆಟಗಾರರು ಕಸರತ್ತು ಮಾಡುತ್ತಿದ್ದ ಕೋಣೆಯಿಂದ ಕಬ್ಬಿಣದ ಡಂಬಲ್‌ಗಳನ್ನೆಲ್ಲ ಹೊರಗೆ ಸಾಗಿಸಿ, ಒಳಗೆ ಬೀರು, ಮೇಜು, ಫ್ಯಾನು ಇಡಲಾಯಿತು. ಸಾಗಿಸುವಾಗ ಇಬ್ಬರು ಆಟಗಾರರ ಬೆನ್ನು ಹಿಡಿದುಕೊಂಡಿತು. ವಿಭಾಗದ ಮೊದಲ ಎರಡು ಕಡತಗಳು ಅವೇ.

ಬಾಳಿಕೆ ಅಧಿಕಾರಿಗಳನ್ನು ಒಂದು ಕುರ್ಚಿ ಕಾರ್ಖಾನೆಯಿಂದ ಕರೆತರಲಾಗಿತ್ತು. ಅಲ್ಲಿ ಅವರು ಹತ್ತೊಂಬತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿದ್ದವರು. ಮರಳು ಚೀಲ ಕಟ್ಟಿದ ಯಂತ್ರವೊಂದು ಕುರ್ಚಿಯ ಮೇಲೆ ಐವತ್ತು ಸಾವಿರ ಸಲ ಕೂತು ಏಳುತ್ತದೆ. ಅಷ್ಟಾದ ಮೇಲೂ ಕುರ್ಚಿ ಕುರ್ಚಿಯಾಗಿಯೇ ಉಳಿದಿದ್ದರೆ ಅದಕ್ಕೊಂದು ಚೀಟಿ ಅಂಟಿಸಬೇಕು. ಅವರ ಕೈಯಲ್ಲಿ ಚೀಟಿ ಅಂಟಿಸಿಕೊಂಡ ಕುರ್ಚಿಗಳು ಊರೂರಿನ ಕಚೇರಿಗಳಲ್ಲಿ ಇಂದಿಗೂ ಅಲುಗಾಡದೆ ನಿಂತಿವೆಯೆಂದು ಅವರು ಹೇಳುತ್ತಿದ್ದರು. ಫುಟ್‌ಬಾಲ್ ಪಂದ್ಯವನ್ನು ಅವರು ಅದುವರೆಗೆ ನೋಡಿರಲಿಲ್ಲ. ಇದರಿಂದ ಅವರು ಯಾವುದೇ ಪೂರ್ವಗ್ರಹವಿಲ್ಲದೆ ಕೆಲಸ ಮಾಡಬಲ್ಲರೆಂದು ಅಧ್ಯಕ್ಷರು ನೇಮಕದ ಆದೇಶದಲ್ಲೇ ಬರೆದಿದ್ದರು.

ಅಧಿಕಾರಿಗಳು ಬಂದ ಮೊದಲ ವಾರವೇ ಮಿಂಚನ್ನು ಕರೆಸಿದರು.

ಮಿಂಚು ಅನ್ನುವುದು ಅಭಿಮಾನಿಗಳು ಇಟ್ಟ ಹೆಸರು. ಹದಿನಾಲ್ಕು ವರ್ಷದಿಂದ ಇದೇ ಕ್ಲಬ್ಬಿಗೆ ಮುಂಚೂಣಿಯಲ್ಲಿ ಆಡುತ್ತಿದ್ದ. ವಯಸ್ಸು ಮೂವತ್ತಮೂರು, ಹೊಡೆದ ಗೋಲು ನೂರಾ ಹದಿನೆಂಟು. ಈ ನೂರಾ ಹದಿನೆಂಟನ್ನು ಬರೆಯಲು ಹೊಸ ನಮೂನೆಯಲ್ಲಿ ಜಾಗವಿರಲಿಲ್ಲ. ಗಾಯಗಳಿಗೆ ಮಾತ್ರ ಧಾರಾಳವಾಗಿ ಜಾಗವಿತ್ತು, ಮಿಂಚಿಗೆ ಅದೂ ಸಾಲದೆ ಹಾಳೆಗಳನ್ನು ಹೊಲಿದು ಸೇರಿಸಿ ಕಡತ ಅರವತ್ತಮೂರು ಪುಟಕ್ಕೆ ಬಂದಿತ್ತು.

“ಬನ್ನಿ, ಕೂತ್ಕೊಳ್ಳಿ,” ಎಂದರು ಅಧಿಕಾರಿಗಳು. ಕೋಣೆಯಲ್ಲಿ ಇನ್ನೊಂದು ಕುರ್ಚಿಯೇನೋ ಇತ್ತು, ಆದರೆ ಅದು ಎರಡು ಲಕ್ಷ ಸಲದ ಪರೀಕ್ಷೆ ಗೆದ್ದ ಕುರ್ಚಿ. ಹಾಳಾದೀತೆಂದು ಸುತ್ತಲೂ ಹಗ್ಗ ಕಟ್ಟಿದ್ದರು. “ಇಲ್ಲ, ನಿಂತೇ ಇರಿ. ನಿಂತ್ರೆ ಏನೂ ಆಗಲ್ಲ ತಾನೆ ನಿಮ್ಮ ಕಾಲಿಗೆ?”

“ಆಗಲ್ಲ ಸಾರ್.”

ಅಧಿಕಾರಿಗಳು ಕನ್ನಡಕ ಏರಿಸಿ ಓದತೊಡಗಿದರು. “ಎಡ ಮೊಣಕಾಲು, ಆಪರೇಷನ್ ಎರಡು ಸಲ. ಬಲ ತೊಡೆಯ ಹಿಂದಿನ ಸ್ನಾಯು, ನಾಲ್ಕು ಸಲ. ಮೂಗು, ಒಂದು ಸಲ. ಎಡಗಾಲಿನ ಹೆಬ್ಬೆರಳು... ಇದು ಹೇಗಾಯ್ತು?”

“ಟ್ರೋಫಿ ಬಿತ್ತು ಸಾರ್. ಗೆದ್ದು ಮೇಲೆತ್ತಿ ಹಿಡಿದಿದ್ವಿ. ಅಧ್ಯಕ್ಷರು ಫೋಟೋಗೆ ಅಂತ ಕೈ ಹಾಕಿದ್ರು. ಅವರು ಹಿಡ್ಕೊಂಡ್ರು ಅಂತ ನಾವು ಬಿಟ್ವಿ, ನಾವು ಹಿಡ್ಕೊಂಡಿದೀವಿ ಅಂತ ಅವರು ಬಿಟ್ರು.”

“ಅಂದ್ರೆ ಗೆಲ್ಲದೇ ಇದ್ದಿದ್ರೆ ಬೆರಳು ಉಳೀತಿತ್ತು.”

ಮಿಂಚು ಯೋಚಿಸಿದ. “ಉಳೀತಿತ್ತು ಸಾರ್.”

“ಕಾರಣ, ಗೆಲುವು,” ಎಂದು ಅಧಿಕಾರಿಗಳು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. “ಮೂಗು?”

“ಎದುರು ತಂಡದವನ ಮೊಣಕೈ ಸಾರ್.”

“ಅವನ ಮೊಣಕೈ ಹತ್ರ ನಿಮ್ಮ ಮೂಗಿಗೇನು ಕೆಲಸ?”

“ಚೆಂಡು ಅಲ್ಲಿತ್ತು ಸಾರ್.”

ಅಧಿಕಾರಿಗಳು ಕಡತವನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಹಾಕಿದರು. ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು. “ನಾನು ಒಂದ್ ವಿಷಯ ಗಮನಿಸ್ತಾ ಇದೀನಿ. ಎಲ್ಲಾ ಪುಟದಲ್ಲೂ ಈ ಚೆಂಡು ಬರ್ತಾ ಇದೆ.”

ಆಮೇಲೆ ಅವರು ನಿಯಮ ವಿವರಿಸಿದರು. ಕಳೆದ ನೂರು ದಿನಗಳಲ್ಲಿ ಆಟಗಾರ ಗಾಯವಿಲ್ಲದೆ ಕಳೆದ ದಿನಗಳೆಷ್ಟೋ ಅಷ್ಟೇ ಅವನ ಬಾಳಿಕೆ ಅಂಕ. ತೊಂಬತ್ತಕ್ಕಿಂತ ಕಡಿಮೆಯಿದ್ದವನು ಮೈದಾನಕ್ಕೆ ಇಳಿಯುವಂತಿಲ್ಲ. ಹಂಗಾಮಿನ ಕೊನೆಗೆ ತೊಂಬತ್ತಿಲ್ಲದವನ ಹೆಸರು ಪಟ್ಟಿಯಿಂದಲೇ ಹೋಗುತ್ತದೆ. ಮೂರು ತಿಂಗಳು ತೊಡೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದು, ಬರೀ ಒಂಬತ್ತು ದಿನದ ಹಿಂದೆ ಎದ್ದು ಬಂದಿದ್ದ ಮಿಂಚಿನ ಅಂಕ ಒಂಬತ್ತು.

“ಹೊಳೆಯಾಚೆಯ ಕ್ಲಬ್ಬಿನ ಮೇಲಿನ ಕೊನೇ ಪಂದ್ಯಕ್ಕೆ ಇನ್ನೂ ತೊಂಬತ್ತೇಳು ದಿನ ಇದೆ,” ಎಂದರು ಅಧಿಕಾರಿಗಳು. “ಅಲ್ಲೀವರೆಗೆ ಮೈಗೆ ಏನೂ ಮಾಡ್ಕೋಬೇಡಿ. ನೂರಕ್ಕೆ ನೂರು ಬರುತ್ತೆ. ನಿಮ್ಮ ಕೈಲಿ ಆಗುತ್ತೆ ಕಣ್ರೀ. ಮನಸ್ಸು ಮಾಡ್ಬೇಕು ಅಷ್ಟೆ.”

ಮಿಂಚು ಮನಸ್ಸು ಮಾಡಿದ. ಅದಕ್ಕೆ ಕಾರಣ ಅವನ ಮಗಳು.

ಮಗಳಿಗೆ ಎಂಟು ವರ್ಷ. ಅಪ್ಪ ಆಡುವುದನ್ನು ಅವಳು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಐದು ಸಲ ಅವಳನ್ನು ಮೈದಾನಕ್ಕೆ ಕರೆತಂದಿದ್ದರು. ಐದು ಸಲವೂ ಅಪ್ಪ ಗೆರೆಯ ಹೊರಗೆ, ಕಾಲು ಚಾಚಿಕೊಂಡು, ಮೊಣಕಾಲಿನ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಕೂತಿದ್ದ. ಶಾಲೆಯಲ್ಲಿ ಪ್ರಬಂಧ ಬರೆಸಿದಾಗ ಅವಳು, “ನನ್ನ ಅಪ್ಪ ಮಂಜುಗಡ್ಡೆ ಇಟ್ಟುಕೊಳ್ಳುವ ಕೆಲಸ ಮಾಡುತ್ತಾರೆ. ಅದು ಬಹಳ ತಣ್ಣಗಿರುವ ಕೆಲಸ,” ಎಂದು ಬರೆದಿದ್ದಳು. ಟೀಚರು ಅದಕ್ಕೆ ಸರಿ ಗುರುತು ಹಾಕಿದ್ದರು. ಮನೆಯಲ್ಲಿ ಎಲ್ಲರೂ ನಕ್ಕರು, ಮಿಂಚೂ ನಕ್ಕ. ಆದರೆ ಅವಳು ಒಂದೇ ಒಂದು ಸಲ ತಾನು ಓಡುವುದನ್ನು ನೋಡಬೇಕೆಂಬ ಆಸೆ ಅಂದಿನಿಂದ ಅವನೊಳಗೆ ಕೂತುಬಿಟ್ಟಿತ್ತು.

ಸಮಯವೂ ಹೆಚ್ಚಿರಲಿಲ್ಲ. ಕ್ಲಬ್ಬಿನಲ್ಲಿ ನಲವತ್ತು ವರ್ಷದಿಂದ ಆಟಗಾರರ ಕಾಲು ತಿಕ್ಕುತ್ತಿದ್ದ ಮಾಲೀಶಿನ ತಾತ ಅದನ್ನು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಮಿಂಚಿನ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಮಾಗಿದ ಹಣ್ಣನ್ನು ನೋಡುವ ಹಾಗೆ ಅತ್ತಿತ್ತ ಮೆಲ್ಲಗೆ ಅಲುಗಿಸಿ, “ಇದರಲ್ಲಿ ಇನ್ನು ನಾಲ್ಕು ತಿಂಗಳ ಓಟ ಇದೆ ಮಗಾ. ಆರು ಅಂತ ಬೇಕಾದ್ರೆ ಇಟ್ಕೋ,” ಎಂದಿದ್ದರು.

“ಜೋಪಾನ ಮಾಡಿದ್ರೆ ತಾತ?”

“ಜೋಪಾನ ಮಾಡಿ ಎತ್ತಿಡೋಕೆ ಇದೇನು ರೇಷ್ಮೆ ಸೀರೆನಾ? ಓಡಿದ್ರೂ ಮುಗಿಯುತ್ತೆ, ಕೂತ್ರೂ ಮುಗಿಯುತ್ತೆ. ಓಡಿ ಮುಗಿಸೋದು ವಾಸಿ.”

ಕೊನೇ ಪಂದ್ಯ, ಮಗಳಿಗೆ ಮುಂದಿನ ಸಾಲಿನಲ್ಲಿ ಒಂದು ಸೀಟು, ತೊಂಬತ್ತು ನಿಮಿಷದ ಓಟ. ಆಮೇಲೆ ಕಾಲು ಏನಾದರೂ ಆಗಲಿ. ಮಿಂಚಿನ ಲೆಕ್ಕ ಇಷ್ಟೇ ಇತ್ತು.

ಮೊದಲ ಎಡವಟ್ಟು ಕಚೇರಿಯಲ್ಲೇ ಆಯಿತು. ಹಳೆಯ ನಲವತ್ತೊಂದು ಗಾಯಗಳಿಗೂ ಒಂದೊಂದು ಸಮಜಾಯಿಷಿ ಪತ್ರ ಬರೆದುಕೊಡಬೇಕೆಂದು ಆಜ್ಞೆಯಾಗಿತ್ತು, ಮೂರು ಪ್ರತಿ, ಕೈಬರಹದಲ್ಲೇ. ‘ಸದರಿ ದಿನಾಂಕದಂದು ಸದರಿ ಕಾಲನ್ನು ಸದರಿ ಜಾಗದಲ್ಲಿ ಇಟ್ಟಿದ್ದು ನನ್ನ ತಪ್ಪೆಂದು ಒಪ್ಪಿಕೊಳ್ಳುತ್ತ’ ಎಂದು ಬರೆದು ಬರೆದು ಮಿಂಚಿನ ಬಲ ಮಣಿಕಟ್ಟು ಬನ್ನಿನ ಹಾಗೆ ಊದಿಕೊಂಡಿತು. ಅದು ನಲವತ್ತೆರಡನೇ ಗಾಯವಾಗಿ ದಾಖಲಾಯಿತು. ವಾಸಿಯಾಗಲು ಮೂರು ದಿನ ಹಿಡಿದಿದ್ದರಿಂದ ಮೂರು ಅಂಕ ಹೋಯಿತು. ಊದಿದ ಮಣಿಕಟ್ಟಿಗೂ ಸಮಜಾಯಿಷಿ ಬರೆಯಬೇಕಿತ್ತು, ಎಡಗೈಯಲ್ಲಿ ಬರೆದ.

ಇಷ್ಟರಲ್ಲಿ ತಂಡದ ಆಯ್ಕೆಯೂ ಬಾಳಿಕೆ ಅಂಕದ ಪ್ರಕಾರವೇ ನಡೆಯಬೇಕೆಂದು ಸುತ್ತೋಲೆ ಬಂತು. ಕ್ಲಬ್ಬಿನಲ್ಲಿ ನೂರಕ್ಕೆ ನೂರು ಅಂಕವಿದ್ದವನು ಒಬ್ಬನೇ. ಅವನು ಎರಡನೇ ಗೋಲ್‌ಕೀಪರ್, ಎಲ್ಲರ ಬಾಯಲ್ಲೂ ಬೆಂಚಣ್ಣ. ಹನ್ನೊಂದು ವರ್ಷದಿಂದ ಅವನು ಮೈದಾನಕ್ಕೆ ಇಳಿದಿರಲಿಲ್ಲ. ಪಂದ್ಯ ನಡೆಯುವಾಗ ಬೆಂಚಿನ ತುದಿಯಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿದ್ದ, ಗೋಲಾದಾಗ ಎಲ್ಲರೂ ಎದ್ದು ನಿಂತರೆ, “ಯಾರು ಹೊಡೆದ್ರು?” ಎಂದು ಪಕ್ಕದವನನ್ನು ಕೇಳುತ್ತಿದ್ದ. ಅವನನ್ನೇ ನಾಯಕನನ್ನಾಗಿ ಮಾಡಲಾಯಿತು.

“ಸಾರ್, ಅವನಿಗೆ ಚೆಂಡು ಹಿಡಿಯೋಕೆ ಬರಲ್ಲ,” ಎಂದು ಕೋಚ್ ಗೋಗರೆದರು.

“ಅದಕ್ಕೇ ಅವರ ಹತ್ತು ಬೆರಳೂ ನೆಟ್ಟಗಿವೆ,” ಎಂದರು ಅಧಿಕಾರಿಗಳು.

ಬೆಂಚಣ್ಣನ ನಾಯಕತ್ವದ ಮೊದಲ ಪಂದ್ಯದಲ್ಲಿ ಎದುರಾಳಿಗಳು ಏಳು ಗೋಲು ಹೊಡೆದರು. ಮರುದಿನ ಕ್ಲಬ್ಬಿನ ಪ್ರಕಟಣೆ ಹೀಗಿತ್ತು: “ನಮ್ಮ ತಂಡವು ಶೂನ್ಯ ಗಾಯಗಳೊಂದಿಗೆ ಪಂದ್ಯವನ್ನು ಯಶಸ್ವಿಯಾಗಿ ಪೂರೈಸಿದೆ. ಎದುರಾಳಿ ತಂಡವು ಏಳು ಬಾರಿ ಅನಗತ್ಯ ಶ್ರಮಕ್ಕೆ ಒಳಗಾಗಿರುವುದಕ್ಕೆ ನಮ್ಮ ಸಹಾನುಭೂತಿ ಇದೆ.” ಎರಡನೇ ಪಂದ್ಯದಲ್ಲಿ ಮಾತ್ರ ದುರ್ಘಟನೆ ನಡೆದುಹೋಯಿತು. ಬೆಂಚಣ್ಣ ಬಿಸಿಲಿಗೆ ಅಡ್ಡವಾಗಿ ಕೈ ಹಿಡಿದು ಗಡಿಯಾರ ನೋಡುತ್ತಿದ್ದಾಗ ಚೆಂಡೊಂದು ತಾನಾಗಿಯೇ ಬಂದು ಅವನ ಕಿರುಬೆರಳಿಗೆ ಬಡಿಯಿತು. ಗೋಲು ತಪ್ಪಿತು, ಬೆರಳು ಉಳುಕಿತು. ನೂರು ಅಂಕದ ಮನುಷ್ಯ ಕ್ಲಬ್ಬಿನ ಕಣ್ಣೆದುರೇ ತೊಂಬತ್ತೊಂಬತ್ತಕ್ಕೆ ಇಳಿದುಬಿಟ್ಟ. ಬೆಂಚಣ್ಣ ಬೆರಳನ್ನು ಎದೆಗೊತ್ತಿಕೊಂಡು, “ಹನ್ನೊಂದು ವರ್ಷ ಕಾಪಾಡ್ಕೊಂಡು ಬಂದಿದ್ನಲ್ಲ ಸಾರ್,” ಎಂದು ಅಳುವುದನ್ನು ನೋಡಿ ಅಧ್ಯಕ್ಷರ ಕಣ್ಣೂ ತುಂಬಿ ಬಂತು.

ತನಿಖಾ ಸಮಿತಿ ನೇಮಕವಾಯಿತು. ಅದು ಕ್ಲಬ್ಬಿನ ಹದಿನಾಲ್ಕು ವರ್ಷದ ಗಾಯಗಳನ್ನೆಲ್ಲ ರಾಶಿ ಹಾಕಿಕೊಂಡು ಕೂತಿತು. ಒಟ್ಟು ಗಾಯ ಇನ್ನೂರ ಹನ್ನೆರಡು. ಅದರಲ್ಲಿ ನೂರಾ ತೊಂಬತ್ತೇಳು ಆಡುವಾಗ ಆದದ್ದು, ಹನ್ನೊಂದು ಅಭ್ಯಾಸ ಮಾಡುವಾಗ, ಎರಡು ಡಂಬಲ್ ಸಾಗಿಸುವಾಗ, ಒಂದು ಗೆದ್ದಾಗ, ಒಂದು ಪತ್ರ ಬರೆಯುವಾಗ. ಬಾಳಿಕೆ ವಿಭಾಗದ ಬಾಗಿಲ ಹೊರಗೆ ಸರದಿಗಾಗಿ ನಿಂತಿದ್ದಾಗ ಗಾಯಗೊಂಡವರು ಒಬ್ಬರೂ ಇರಲಿಲ್ಲ. ವರದಿಯ ಕೊನೆಯ ಸಾಲು: “ಲಭ್ಯವಿರುವ ಎಲ್ಲ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಗಾಯಗಳ ಮೂಲ ಕಾರಣ ಆಟವೇ ಎಂದು ಸಮಿತಿಯು ಅತ್ಯಂತ ವಿಷಾದದಿಂದ ಕಂಡುಕೊಂಡಿದೆ.”

ಆ ಮೇಲಿನ ಸುತ್ತೋಲೆಯನ್ನು ಎಲ್ಲ ಆಟಗಾರರ ಮನೆಗೂ ಕಳಿಸಲಾಯಿತು. ಆಟಗಾರರು ಆಟದ ಅವಧಿಯಲ್ಲಿ ಓಡತಕ್ಕದ್ದಲ್ಲ. ನಡೆಯುವುದು ಅನಿವಾರ್ಯವಾದಲ್ಲಿ ಎರಡೂ ಕಡೆ ನೋಡಿಕೊಂಡು ನಡೆಯತಕ್ಕದ್ದು. ಚೆಂಡು ಸಮೀಪಕ್ಕೆ ಬಂದಲ್ಲಿ ಸೌಜನ್ಯದಿಂದ ಪಕ್ಕಕ್ಕೆ ಸರಿಯತಕ್ಕದ್ದು. ಉದ್ದೇಶಪೂರ್ವಕವಾಗಿ ಒದ್ದಲ್ಲಿ ಪ್ರತಿ ಒದೆತಕ್ಕೆ ಮೂರು ಅಂಕ ಕಡಿತ, ಗಾಯವಾಗಿರಲಿ, ಆಗದಿರಲಿ. ಸದರಿ ನಿಯಮಗಳು ಆಟಗಾರರ ಮನೆಗಳಿಗೂ ಅನ್ವಯಿಸುತ್ತವೆ.

ಮನೆಯಲ್ಲಿ ಮಿಂಚಿನ ಹೆಂಡತಿ, ಬಸ್ ಡಿಪೋದಲ್ಲಿ ಕೆಲಸ ಮಾಡುವವಳು, ಸುತ್ತೋಲೆಯನ್ನು ಎರಡು ಸಲ ಓದಿ ಫ್ರಿಜ್ಜಿಗೆ ಅಂಟಿಸಿದಳು. “ಇದನ್ನ ಬರೆದೋರು ಮನುಷ್ಯರೇ ತಾನೆ?” ಎಂದಷ್ಟೇ ಕೇಳಿದಳು. ಅವಳ ಅಮ್ಮ ಅಷ್ಟಕ್ಕೆ ಬಿಡುವವರಲ್ಲ.

“ಅಳಿಯಂದ್ರೇ, ಸಿಲಿಂಡರ್ ಬಂದಿದೆ. ಬಾಗಿಲಲ್ಲಿ ಬಿಟ್ಟು ಹೋಗಿದಾನೆ. ಸ್ವಲ್ಪ ಒಳಗಿಡ್ತೀರಾ?”

ಮಿಂಚು ಸೋಫಾದಲ್ಲಿ ನೆಟ್ಟಗೆ ಕೂತಿದ್ದ. “ಬೆನ್ನಿಗೆ ಏನಾದ್ರೂ ಆದ್ರೆ ಅಂಕ ಹೋಗುತ್ತೆ ಅತ್ತೆ.”

“ಹಾಲಿನ ಪ್ಯಾಕೆಟ್ ಎತ್ತಬಹುದಾ? ಇಲ್ಲ ಅದಕ್ಕೂ ಪರ್ಮಿಷನ್ ಬೇಕಾ?”

“ಅರ್ಧ ಲೀಟರಿಂದಾದ್ರೆ ಎತ್ತಬಹುದು.”

ಅತ್ತೆ ಸೆರಗು ಸಿಕ್ಕಿಸಿಕೊಂಡು ಸಿಲಿಂಡರನ್ನು ತಾವೇ ಉರುಳಿಸಿಕೊಂಡು ಒಳಗೆ ಹೋದರು. ಹೋಗುತ್ತ, “ನನ್ನ ಮಗಳನ್ನ ಆಟಗಾರನಿಗೆ ಕೊಟ್ಟೆ ಅಂದ್ಕೊಂಡಿದ್ದೆ. ಇಲ್ನೋಡಿದ್ರೆ ಷೋಕೇಸಿನಲ್ಲಿಡೋ ಬೊಂಬೆ,” ಎಂದದ್ದು ಅಡುಗೆಮನೆಯಿಂದ ಸ್ಪಷ್ಟವಾಗಿ ಕೇಳಿಸಿತು.

ಮಗಳು ಹಿತ್ತಲಿನಲ್ಲಿ ಚೆಂಡು ಹಿಡಿದು ಕಾದಳು. “ಅಪ್ಪ, ಒಂದೇ ಒಂದ್ ಸಲ ಒದಿ. ಮೆತ್ತಗಿನ ಚೆಂಡು.”

“ಕೊನೇ ಪಂದ್ಯದಲ್ಲಿ ನೋಡು ಪುಟ್ಟಿ. ಅವತ್ತು ಪೂರ್ತಿ ನಿನಗೇ.”

ಅವಳು ಚೆಂಡನ್ನು ಗೋಡೆಗೆ ಒದ್ದು ತಾನೇ ಹಿಡಿದುಕೊಂಡಳು.

ಐವತ್ತನೇ ದಿನ ಬಾಳಿಕೆ ಅಧಿಕಾರಿಗಳು ಮನೆ ತಪಾಸಣೆಗೆ ಬಂದರು. ಮೇಜಿನ ಮೂಲೆಗಳಿಗೆ ಬಟ್ಟೆ ಸುತ್ತಿಸಿದರು, ಸ್ನಾನದ ಮನೆಯಲ್ಲಿ ಚಾಪೆ ಹಾಸಿಸಿದರು, ಮೂರು ಮೆಟ್ಟಿಲುಗಳನ್ನು ಎಣಿಸಿ ಒಂದನ್ನು ಕಡಿಮೆ ಮಾಡಲು ಸೂಚಿಸಿದರು. ಅಷ್ಟರಲ್ಲಿ ಅತ್ತೆ ಅಕ್ಕಿ ಮೂಟೆಯೊಂದನ್ನು ಸೊಂಟಕ್ಕೇರಿಸಿಕೊಂಡು ಅವರ ಮುಂದೆಯೇ ಹಾದುಹೋದರು. ಅಧಿಕಾರಿಗಳ ಪೆನ್ನು ಗಾಳಿಯಲ್ಲೇ ನಿಂತಿತು.

“ಅಮ್ಮಾ, ತಮಗೆ ವಯಸ್ಸೆಷ್ಟು?”

“ಅರವತ್ನಾಲ್ಕು. ಯಾಕೆ?”

“ಕಳೆದ ನೂರು ದಿನದಲ್ಲಿ ಗಾಯ, ಉಳುಕು, ನೋವು, ಏನಾದ್ರೂ?”

“ನಂಗೇನಾಗಿದೆ ಧಾಡಿ. ನೋವು ಅಂತ ಮಲಗೋಕೆ ಪುರುಸೊತ್ತು ಬೇಡ್ವಾ?”

ಅತ್ತೆಯ ಎಡಗೈಯಲ್ಲಿ ಎಣ್ಣೆ ಸಿಡಿದ ಕಲೆಗಳು ಐದು, ಹೆಬ್ಬೆರಳಿಗೆ ಈಳಿಗೆ ತಾಗಿದ ಗುರುತು ಎರಡು, ಮಂಡಿಗೆ ಕಟ್ಟಿದ ಬಟ್ಟೆ ಒಂದು ಇತ್ತು. ಅಧಿಕಾರಿಗಳು ಅವನ್ನೆಲ್ಲ ನೋಡಿದರು. ಅಡುಗೆಮನೆಯ ಗಾಯಗಳಿಗೆ ನಮೂನೆಯಲ್ಲಿ ಕಾಲಂ ಇಲ್ಲವಾದ್ದರಿಂದ ನೂರಕ್ಕೆ ನೂರು ಎಂದು ಬರೆದುಕೊಂಡು, ಎರಡು ಫೋಟೋ ಸಮೇತ ಅರ್ಜಿ ಹಾಕಿದರೆ ಮೀಸಲು ಆಟಗಾರರ ಪಟ್ಟಿಗೆ ಸೇರಿಸುವುದಾಗಿ ಹೇಳಿ ಹೋದರು. ಅತ್ತೆ ಆ ಅರ್ಜಿಯನ್ನು ಡಬ್ಬಿಯ ತಳಕ್ಕೆ ಹಾಸಿ ಮೇಲೆ ಬೇಳೆ ಸುರಿದರು.

ಎಂಬತ್ತನೇ ದಿನ ಮಾಲೀಶಿನ ತಾತನಿಗೆ ವಿದಾಯ. ಯಾರೂ ಓಡದ ಕ್ಲಬ್ಬಿನಲ್ಲಿ ಯಾರ ಕಾಲೂ ಹಿಡಿದುಕೊಳ್ಳುವುದಿಲ್ಲ. ಹಿಡಿಯದ ಕಾಲನ್ನು ತಿಕ್ಕಲು ಒಬ್ಬರು ಯಾಕೆ ಎಂಬ ಪ್ರಶ್ನೆಗೆ ಮಂಡಳಿಯ ಬಳಿ ಉತ್ತರವಿರಲಿಲ್ಲ. ತಾತ ಎಣ್ಣೆ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಹೋಗುವ ಮುನ್ನ ಕೊನೆಯ ಸಲ ಮಿಂಚಿನ ಮೊಣಕಾಲು ಹಿಡಿದು ನೋಡಿದರು.

“ಚೆನ್ನಾಗೇ ಇದೆ,” ಎಂದರು. ಅದು ಹೊಗಳಿಕೆಯ ಧ್ವನಿಯಾಗಿರಲಿಲ್ಲ. “ಏನೂ ಆಗಿಲ್ಲ. ಒಂದು ಸಲ ಬಿಟ್ಟು ನೋಡು, ಹೇಗೆ ಹೋಗುತ್ತೆ ಅಂತ.”

ತಾತನನ್ನು ಬೀಳ್ಕೊಟ್ಟು ಬಂದಾಗ ಮೈದಾನದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು, ನೀರು ಹಾಯಿಸಿದ ಹುಲ್ಲು. ಮಿಂಚು ಒಂದು ಕಡೆಯ ಗೋಲುಗಂಬದ ಬಳಿ ನಿಂತು ಸುತ್ತ ನೋಡಿದ. ಆಮೇಲೆ ಓಡಿದ. ಮೊದಲ ಹತ್ತು ಹೆಜ್ಜೆ ಕಾಲು ಮುನಿಸಿಕೊಂಡಂತಿತ್ತು. ಹದಿನೈದನೆಯದಕ್ಕೆ ಅದಕ್ಕೆ ಎಲ್ಲ ನೆನಪಾಯಿತು. ಗಾಳಿ ಕಿವಿಯಲ್ಲಿ ಸುಂಯ್ಯೆಂದಿತು, ಹುಲ್ಲು ಕಾಲ ಕೆಳಗಿಂದ ಹಿಂದಕ್ಕೆ ಜಾರಿತು. ಇನ್ನೊಂದು ತುದಿಯ ಕಂಬ ಮುಟ್ಟಿದಾಗ ಅವನಿಗೆ ಯಾರನ್ನಾದರೂ ಕೂಗಿ ಕರೆಯಬೇಕೆನ್ನಿಸಿತು. ಕರೆಯಲಿಲ್ಲ. ಆದರೂ ಮರುದಿನ ಬೆಳಿಗ್ಗೆ ನೋಟೀಸು ಬಂದಿತ್ತು.

“ನೀವು ಓಡಿದಿರಂತೆ,” ಎಂದರು ಅಧಿಕಾರಿಗಳು.

“ಬಸ್ಸು ಹಿಡಿಯೋಕೆ ಸಾರ್.”

“ಮೈದಾನದ ಒಳಗೆ?”

“ಬಸ್‌ಸ್ಟಾಪಿಗೆ ಅದು ಹತ್ತಿರದ ದಾರಿ ಸಾರ್.”

ಅಧಿಕಾರಿಗಳು ತಲೆದೂಗಿದರು. ಉತ್ತರ ಅವರಿಗೆ ಒಪ್ಪಿಗೆಯಾದಂತಿತ್ತು. “ಬಸ್ಸು ಸಿಕ್ತಾ?”

“ಸಿಕ್ತು ಸಾರ್.”

“ಸಿಕ್ತು ಅಂದ್ರೆ ಜೋರಾಗೇ ಓಡಿದೀರಿ. ಆರು ಅಂಕ ಕಡಿತ. ಸಿಗದೇ ಇದ್ದಿದ್ರೆ ಮೂರಕ್ಕೇ ಬಿಡ್ತಿದ್ದೆ.”

ಮಣಿಕಟ್ಟಿನ ಮೂರು, ಬಸ್ಸಿನ ಆರು. ಕೊನೇ ಪಂದ್ಯದ ದಿನ ಮಿಂಚಿನ ಅಂಕ ತೊಂಬತ್ತೊಂದು ಆಗುವುದಿತ್ತು. ಮೈದಾನಕ್ಕೆ ಇಳಿಯಲು ಅಷ್ಟು ಸಾಕು. ಮಿಂಚು ಅಂದಿನಿಂದ ಹಲ್ಲು ಕೂಡ ಮೆಲ್ಲಗೆ ಉಜ್ಜತೊಡಗಿದ.

ಓದುಗರು ಹೊಳೆಯಾಚೆಯ ಕ್ಲಬ್ಬಿನವರು ಸುಮ್ಮನಿದ್ದರೇ ಎಂದು ಕೇಳಬಹುದು. ಇಲ್ಲ. ಅವರು ಹಾಸಿಗೆ ಕಾರ್ಖಾನೆಯಿಂದ ಒಬ್ಬರನ್ನು ಕರೆತಂದಿದ್ದರು. ಉಳಿದ ಕ್ಲಬ್ಬುಗಳಲ್ಲೂ ಒಂದೊಂದು ಬಾಳಿಕೆ ವಿಭಾಗ ಹುಟ್ಟಿಕೊಂಡಿತ್ತು. ಎಲ್ಲ ಕ್ಲಬ್ಬುಗಳ ಒಕ್ಕೂಟ ಸಭೆ ಸೇರಿ, ಇನ್ನು ಮುಂದೆ ಪಂದ್ಯದ ಕೊನೆಗೆ ಯಾವ ತಂಡದ ಬಾಳಿಕೆ ಅಂಕ ಹೆಚ್ಚಿರುತ್ತದೋ ಆ ತಂಡವೇ ಗೆದ್ದಂತೆ ಎಂದು ನಿಯಮ ತಿದ್ದಿತು. ಗೋಲುಗಳನ್ನು ಬೋರ್ಡಿನ ಮೂಲೆಯಲ್ಲಿ ‘ಮಾಹಿತಿಗಾಗಿ ಮಾತ್ರ’ ಎಂದು ತೋರಿಸಬಹುದಾಗಿತ್ತು, ತೋರಿಸಲು ಗೋಲುಗಳಿರಲಿಲ್ಲ ಅಷ್ಟೆ. ಪ್ರೇಕ್ಷಕರು ಮೊದಮೊದಲು ಗೊಣಗಿದರು. ಆಮೇಲೆ ಅದರ ಸುಖ ಅವರಿಗೂ ತಿಳಿಯಿತು. ಪಂದ್ಯದ ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದರೂ ಏನೂ ತಪ್ಪಿಹೋಗುತ್ತಿರಲಿಲ್ಲ. ಕೂಗಿ ಗಂಟಲು ಕಟ್ಟುತ್ತಿರಲಿಲ್ಲ, ಸೋತು ಬಂದ ಸಿಟ್ಟನ್ನು ಮನೆಯಲ್ಲಿ ಯಾರ ಮೇಲೂ ತೀರಿಸಿಕೊಳ್ಳಬೇಕಾಗುತ್ತಿರಲಿಲ್ಲ. ಹೆಂಗಸರು ಸ್ವೆಟರ್ ಹೆಣೆಯುವುದನ್ನು ತಂದರು. ಸೀಟುಗಳು ಭರ್ತಿಯಾಗತೊಡಗಿದವು.

ಕೊನೇ ಪಂದ್ಯದ ದಿನ ಬಂತು. ಮಗಳು ಮುಂದಿನ ಸಾಲಿನಲ್ಲಿ ಅಮ್ಮನಿಗೂ ಅಜ್ಜಿಗೂ ನಡುವೆ ಕೂತಿದ್ದಳು. ಅಪ್ಪ ಗೆರೆ ದಾಟಿ ಮೈದಾನದ ಒಳಗೆ ಕಾಲಿಟ್ಟಾಗ ಅವಳು ಸೀಟಿನ ಮೇಲೆ ಎದ್ದು ನಿಂತಳು. ಐಸ್ ಚೀಲ ಇಲ್ಲದ ಅಪ್ಪನನ್ನು ಅವಳು ಆ ಗೆರೆಯ ಒಳಗೆ ನೋಡಿದ್ದು ಅದೇ ಮೊದಲು.

ನಾಣ್ಯ ಚಿಮ್ಮಿಸುವ ಶಾಸ್ತ್ರ ಇರಲಿಲ್ಲ. ಬಗ್ಗಿ ಎತ್ತಿಕೊಳ್ಳುವಾಗ ಸೊಂಟ ಹಿಡಿದೀತೆಂದು ಕೈಬಿಟ್ಟಿದ್ದರು. ಚೆಂಡನ್ನು ನಡುವಿನ ಚುಕ್ಕಿಯ ಮೇಲೆ ಇಡಲಾಯಿತು. ಇಪ್ಪತ್ತೆರಡು ಜನ ತಮಗೆ ಗೊತ್ತು ಮಾಡಿದ ಜಾಗದಲ್ಲಿ ನಿಂತರು. ರೆಫ್ರಿ ಸೀಟಿ ಊದಿದರು. ಯಾರೂ ಅಲುಗಲಿಲ್ಲ. ಮೈಕಿನಲ್ಲಿ ಧ್ವನಿ ಬಂತು: “ಮಾನ್ಯ ಪ್ರೇಕ್ಷಕರೇ, ಪಂದ್ಯ ಆರಂಭವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ.”

ಮಿಂಚು ನಿಂತ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತೈದು. ಇಷ್ಟು ದಿನ ಅವನು ಒಂದನ್ನು ಮಾತ್ರ ಯೋಚಿಸಿರಲಿಲ್ಲ: ತೊಂಬತ್ತು ಅಂಕ ಮೈದಾನಕ್ಕೆ ಇಳಿಯಲು ಬೇಕಾದದ್ದು, ಅಲ್ಲಿಂದ ಹೊರಗೆ ಬರುವಾಗಲೂ ಅಷ್ಟೇ ಇರಬೇಕಿತ್ತು. ಮಧ್ಯಂತರದಲ್ಲಿ ಅಧಿಕಾರಿಗಳು ಬಂದು ಅವನ ಹೆಗಲು ಮುಟ್ಟಿ, “ಬಹಳ ಚೆನ್ನಾಗಿ ನಿಂತಿದೀರಿ,” ಎಂದರು. “ಎರಡೂ ತಂಡ ಸಮ ಸಮ ಇದೆ. ನಿಮ್ಮ ಒಬ್ಬರ ಅಂಕ ಹೆಚ್ಚುಕಮ್ಮಿ ಆದ್ರೂ ನಾವು ಸೋತ ಹಾಗೆ. ನೆನಪಿರಲಿ, ಒಂದು ಒದೆತಕ್ಕೆ ಮೂರು. ತೊಂಬತ್ತೊಂದರಲ್ಲಿ ಮೂರು ಹೋದ್ರೆ ಎಷ್ಟು?”

“ಎಂಬತ್ತೆಂಟು ಸಾರ್.”

“ಮುಂದಿನ ವರ್ಷ ನಿಮ್ಮನ್ನ ಇಲ್ಲಿ ನೋಡೋಕೆ ಆಸೆ ನನಗೆ.”

ಎಂಬತ್ತಮೂರನೇ ನಿಮಿಷದಲ್ಲಿ ಗಾಳಿ ಬೀಸಿತು. ನಡುವಿನ ಚುಕ್ಕಿಯ ಮೇಲೆ ಕೂತು ಕೂತು ಬೇಸತ್ತಿದ್ದ ಚೆಂಡು ಮೆಲ್ಲಗೆ ಹೊರಳಿ ಇಳಿಜಾರು ಹಿಡಿದು, ಮೂವರು ಆಟಗಾರರ ನಡುವೆ ತೂರಿ ನೇರವಾಗಿ ಮಿಂಚಿನ ಕಡೆಗೆ ಬಂತು. ಆ ಮೂವರೂ ಸೌಜನ್ಯದಿಂದ ಸರಿದುಕೊಂಡರು. ಎದುರು ಗೋಲು ಬಟಾಬಯಲಾಗಿ ತೆರೆದಿತ್ತು. ಹೊಳೆಯಾಚೆಯ ಗೋಲ್‌ಕೀಪರ್ ಬಿಸಿಲು ತಾಗದಂತೆ ಕಂಬದ ನೆರಳಿಗೆ ಹೋಗಿ ನಿಂತಿದ್ದ. ಇಪ್ಪತ್ತು ಹೆಜ್ಜೆ. ಹದಿನಾಲ್ಕು ವರ್ಷದಲ್ಲಿ ಇಂಥ ಚೆಂಡು ಮಿಂಚಿಗೆ ಒಂದೂ ಸಿಕ್ಕಿರಲಿಲ್ಲ.

ಅವನ ಬಲಗಾಲು ತಾನಾಗಿಯೇ ಹಿಂದಕ್ಕೆ ಹೋಯಿತು.

ಕೋಚ್ ಕಣ್ಣು ಮುಚ್ಚಿಕೊಂಡರು. ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಬೆಂಚಣ್ಣ ತನ್ನ ಗೋಲಿನಿಂದ, “ಬೇಡ ಕಣೋ, ಮನೆ ಮಕ್ಕಳನ್ನ ನೆನೆಸ್ಕೋ,” ಎಂದು ಬೇಡಿಕೊಂಡ. ಮಿಂಚು ನೆನೆಸಿಕೊಂಡ. ಮುಂದಿನ ಸಾಲಿನ ಕಡೆ ನೋಡಿದ. ಸೀಟಿನ ಮೇಲೆ ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಒದ್ದರೆ ಅವಳು ನೋಡುತ್ತಾಳೆ. ಒದ್ದರೆ ಎಂಬತ್ತೆಂಟು. ಎಂಬತ್ತೆಂಟಾದರೆ ತಂಡ ಸೋಲುತ್ತದೆ, ಊರಿಗೆ ಊರೇ ಅವಳ ಅಪ್ಪನ ಕಡೆ ಬೆರಳು ತೋರಿಸುತ್ತದೆ, ಆಮೇಲೆ ಅವನು ಆ ಗೆರೆಯ ಒಳಗೆ ನಿಲ್ಲುವುದನ್ನೂ ಅವಳು ನೋಡುವುದಿಲ್ಲ.

ಹಿಂದಕ್ಕೆ ಹೋಗಿದ್ದ ಕಾಲನ್ನು ಮಿಂಚು ಮೆಲ್ಲಗೆ ಮುಂದಕ್ಕೆ ತಂದ, ಚೆಂಡು ಬರುವ ಹೊತ್ತಿಗೆ ಸರಿಯಾಗಿ ಮೇಲಕ್ಕೆ ಎತ್ತಿದ. ಚೆಂಡು ಅವನ ಪಾದದ ಕೆಳಗೆ, ಒಂದು ಬ್ರೆಡ್ಡಿನ ದಪ್ಪದಷ್ಟು ಅಂತರದಲ್ಲಿ, ಮುಟ್ಟದೆ ಹಾದುಹೋಗಿ ಮೈದಾನದ ಪಕ್ಕದ ಗೆರೆಯಾಚೆ ನಿಂತಿತು.

ಅಂಥ ಚಪ್ಪಾಳೆಯನ್ನು ಆ ಮೈದಾನ ಕೇಳಿರಲಿಲ್ಲ. ಅವನ ನೂರಾ ಹದಿನೆಂಟು ಗೋಲುಗಳಲ್ಲಿ ಒಂದಕ್ಕೂ ಜನ ಹೀಗೆ ಎದ್ದು ನಿಂತಿರಲಿಲ್ಲ. ಹೊಳೆಯಾಚೆಯವರೂ ಎದ್ದು ನಿಂತರು. ಮೈಕಿನವರೂ ಎದ್ದು ನಿಂತು ಹೇಳಿದರು: “ಮಾನ್ಯ ಪ್ರೇಕ್ಷಕರೇ, ನಮ್ಮ ಮಿಂಚು ಕಾಲು ಎತ್ತಿದ್ದಾರೆ.” ಎದುರಾಳಿ ತಂಡದ ಆಟಗಾರನೊಬ್ಬ ಚಪ್ಪಾಳೆ ತಟ್ಟುವ ಭರದಲ್ಲಿ ಮಣಿಕಟ್ಟು ಉಳುಕಿಸಿಕೊಂಡಿದ್ದರಿಂದ ಒಂದೇ ಅಂಕದ ಅಂತರದಲ್ಲಿ ಕ್ಲಬ್ಬು ಟ್ರೋಫಿ ಗೆದ್ದಿತು. ಟ್ರೋಫಿಯನ್ನು ಯಾರೂ ಎತ್ತಲಿಲ್ಲ. ಅದನ್ನು ಮೇಜಿನ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಅಧ್ಯಕ್ಷರು ನಿಂತು ಫೋಟೋ ತೆಗೆಸಿಕೊಂಡರು.

ಮಗಳು ಬಂದು ಮಿಂಚಿನ ಸೊಂಟ ತಬ್ಬಿಕೊಂಡಳು. ಅವಳ ಮುಖ ಹೊಳೆಯುತ್ತಿತ್ತು.

“ಅಪ್ಪ, ಎಲ್ಲರಿಗಿಂತ ನೀನೇ ಚೆನ್ನಾಗಿ ನಿಂತಿದ್ದು. ಅಜ್ಜೀನೂ ಹೇಳಿದ್ರು.”

ಮಿಂಚು ಅತ್ತೆಯ ಕಡೆ ನೋಡಿದ. ಅತ್ತೆ ಮುಖ ತಿರುಗಿಸಿಕೊಂಡು, “ಹೂಂ, ನಿಲ್ಲೋದೂ ಸುಲಭ ಅಲ್ಲ ಬಿಡಿ,” ಎಂದರು.

ಮಿಂಚಿನ ಕಣ್ಣಿನಲ್ಲಿ ನೀರು ಬಂತು. ಪಕ್ಕದಲ್ಲೇ ಇದ್ದ ಅಧಿಕಾರಿಗಳು ಬಗ್ಗಿ ನೋಡಿ, “ಕಣ್ಣಿಗೇನಾಯ್ತು? ಗಾಯನಾ?” ಎಂದು ಕೇಳಿದರು.

“ಧೂಳು ಸಾರ್.”

“ಧೂಳಿಗೆ ಕಾಲು ಅಂಕ. ಇವತ್ತೊಂದಿನ ಬಿಡ್ತೀನಿ.”

ಎಲ್ಲರೂ ಹೊರಡತೊಡಗಿದರು. ಖುಷಿಯಲ್ಲಿ ಮಗಳು ಅಪ್ಪನ ಕೈ ಬಿಡಿಸಿಕೊಂಡು ಗೇಟಿನ ಕಡೆಗೆ ಓಡಿದಳು. ಅವಳ ಓಟ ನೋಡಲು ಚೆನ್ನಾಗಿತ್ತು. ಹಗುರವಾಗಿ, ಹುಲ್ಲು ಮುಟ್ಟಿಯೂ ಮುಟ್ಟದ ಹಾಗೆ. ಕ್ಲಬ್ಬಿನ ಹಳಬರು ಯಾರಾದರೂ ಅಲ್ಲಿ ಉಳಿದಿದ್ದರೆ ಅದು ಯಾರ ಓಟವೆಂದು ತಕ್ಷಣ ಹೇಳುತ್ತಿದ್ದರು.

“ಪುಟ್ಟಿ, ಓಡಬೇಡ,” ಎಂದ ಮಿಂಚು.

ಅವಳು ಇದ್ದಲ್ಲೇ ನಿಂತಳು. ಎರಡೂ ಕೈ ಕೆಳಗೆ ಬಿಟ್ಟು, ಕಾಲು ಜೋಡಿಸಿ, ಮುಖ ಮುಂದಕ್ಕೆ ಮಾಡಿ, ಒಂಚೂರೂ ಅಲುಗಾಡದೆ ನಿಂತಳು. ಹೋಗುತ್ತಿದ್ದ ಜನ ಅವಳ ಸುತ್ತ ದಾರಿ ಮಾಡಿಕೊಂಡು ಹೋದರು. ಒಂದಿಬ್ಬರು ನಿಂತು ನೋಡಿ, ಎಂಥ ಒಳ್ಳೆಯ ಮಗು ಎಂದು ಮಿಂಚಿಗೆ ಹೇಳಿ ಮುಂದೆ ನಡೆದರು.